ಕೆರೆ ತುಂಬಿ ತುಳುಕಿದರೆ ಈ ಹಕ್ಕಿಗೆ ಉಪವಾಸ

ಚಳಿಗಾಲದಲ್ಲಿ ನೀರು ಹಿಂದೆ ಸರಿದ ಕೆರೆಯಂಗಳದಲ್ಲಿ ಬೂದು ಮೈಯ, ಬಿಳಿ ಹೊಟ್ಟೆಯ ಪುಟಾಣಿ ಹಕ್ಕಿಗಳು ಗುಂಪುಗುಂಪಾಗಿ ಓಡಾಡುತ್ತಿರುತ್ತವೆ. ನೋಡಿದವರಲ್ಲಿ ಹೆಚ್ಚಿನವರು ಯಾವುದೋ ದೊಡ್ಡ ಹಕ್ಕಿಯ ಮರಿಗಳೆಂದುಕೊಂಡು ಮುಂದೆ ಹೋಗುತ್ತಾರೆ. ಮರಿಗಳಲ್ಲ. ಇದು ಲಿಟಲ್ ಸ್ಟಿಂಟ್. ಬಲಿತ ಮೇಲೂ ಇದರ ಗಾತ್ರ ಗುಬ್ಬಚ್ಚಿಯಷ್ಟೇ, ತೂಕ ಸಾಮಾನ್ಯವಾಗಿ 20ರಿಂದ 30 ಗ್ರಾಂ.

ಇವು ಇಲ್ಲಿಗೆ ಮೊಟ್ಟೆಯಿಡಲು ಬರುತ್ತವೆ ಎಂಬುದು ಇನ್ನೊಂದು ನಂಬಿಕೆ. ಹಾಗೆ ಅಂದುಕೊಳ್ಳಲು ಕಾರಣವೂ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಬಂದು, ಊರಿನ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಸ್ಟಿಂಟ್‌ನ ಕಥೆ ಬೇರೆ. ಅದರ ಗೂಡು ಉತ್ತರ ನಾರ್ವೆಯಿಂದ ಸೈಬೀರಿಯಾವರೆಗೆ ಹಬ್ಬಿರುವ, ಮರಗಳೇ ಇಲ್ಲದ ಟಂಡ್ರಾದ ನೆಲದಲ್ಲಿ. ಜೂನ್-ಜುಲೈನ ಅಲ್ಪಾವಧಿಯ ಬೇಸಿಗೆಯಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಎಷ್ಟೋ ಸಲ ಹೆಣ್ಣು ಎರಡು ಗೂಡುಗಳಲ್ಲಿ ಮೊಟ್ಟೆಯಿಟ್ಟು, ಒಂದನ್ನು ಗಂಡಿಗೆ ಒಪ್ಪಿಸಿ ಇನ್ನೊಂದಕ್ಕೆ ತಾನು ಕಾವು ಕೊಡುತ್ತದೆ. ಮೊಟ್ಟೆಯೊಡೆದು ಬಂದ ಮರಿಗಳು ಬಾಯಿಗೆ ಗುಟುಕು ಬರಲೆಂದು ಕಾಯುವುದಿಲ್ಲ, ತಮ್ಮ ಹುಳುವನ್ನು ತಾವೇ ಹೆಕ್ಕುತ್ತವೆ.

ಚಳಿ ತಡೆಯಲಾರದೆ ಓಡಿಬರುತ್ತವೆ ಎನ್ನುವುದು ಅರ್ಧ ಸತ್ಯ. ಬಲಿತ ಹಕ್ಕಿಗಳು ಜುಲೈನಲ್ಲೇ, ಅಂದರೆ ಅಲ್ಲಿ ಇನ್ನೂ ಬೇಸಿಗೆ ಇರುವಾಗಲೇ ಹೊರಡಲು ಶುರುಮಾಡುತ್ತವೆ. ಹಿಮ ಬಿದ್ದು ನೆಲ ಗಟ್ಟಿಯಾದರೆ ಹುಳುವಿಲ್ಲ, ತಿನ್ನಲು ಏನೂ ಇಲ್ಲ. ಅವು ಜಾಗ ಬಿಡುವುದು ಆ ದಿನ ಬರುವ ಮೊದಲೇ. ಮರಿಗಳು ಹೊರಡುವುದು ಆಮೇಲೆ. ಹಿರಿಯರು ದಾರಿ ತೋರಿಸುತ್ತಾರೆ ಎಂಬ ನಮ್ಮ ಊಹೆ ಇಲ್ಲಿ ನಿಲ್ಲದು. ಯಾವ ದಿಕ್ಕಿಗೆ ಹಾರಬೇಕೆಂಬುದು ಅವಕ್ಕೆ ಹುಟ್ಟಿನಿಂದಲೇ ಬಂದಿರುತ್ತದೆ.

ಒಂಟಿಕಾಲಲ್ಲಿ ನಿಂತ ಹಕ್ಕಿಯನ್ನು ಕಂಡು "ಅಯ್ಯೋ, ಕುಂಟು" ಎಂದು ಮರುಗುವವರೂ ಇದ್ದಾರೆ. ಶಾಖ ಉಳಿಸಲು ಅದು ಇನ್ನೊಂದು ಕಾಲನ್ನು ಗರಿಯೊಳಗೆ ಮಡಚಿಟ್ಟಿರುತ್ತದೆ, ಅಷ್ಟೇ. ಹತ್ತಿರ ಹೋದರೆ ಒಮ್ಮೊಮ್ಮೆ ಆ ಕಾಲನ್ನು ಇಳಿಸದೆ ಕುಪ್ಪಳಿಸಿಕೊಂಡೇ ದೂರ ಸರಿಯುತ್ತದೆ. ಸೋಮಾರಿತನಕ್ಕೂ ಒಂದು ಮಿತಿ ಬೇಡವೇ!

ಈ ಹಕ್ಕಿಗೆ ನಿಜವಾಗಿ ಪೆಟ್ಟು ಕೊಡುತ್ತಿರುವ ತಪ್ಪು ಕಲ್ಪನೆ ಬೇರೆಯೇ ಇದೆ: ಕೆರೆ ತುಂಬಿದಷ್ಟೂ ನೀರುಹಕ್ಕಿಗಳಿಗೆ ಒಳ್ಳೆಯದು, ಕೆಸರೆಂದರೆ ಕೊಳಕು. ಬಾತುಕೋಳಿಗೆ ಆಳದ ನೀರು ಸರಿ. ಸ್ಟಿಂಟ್‌ನ ಬೆರಳುಗಳ ನಡುವೆ ಈಜುವುದಕ್ಕೆ ಬೇಕಾದ ಜಾಲಪೊರೆ ಇಲ್ಲ. ಕೊಕ್ಕು ಎರಡು ಸೆಂಟಿಮೀಟರ್‌ನ ಆಸುಪಾಸು, ಕಾಲುಗಳೂ ಗಿಡ್ಡ. ಅದರ ಊಟದ ತಟ್ಟೆ ಎಂದರೆ ನೀರು ಮತ್ತು ಒಣನೆಲದ ನಡುವಿನ ಒದ್ದೆ ಕೆಸರಿನ ಪಟ್ಟಿ. ತಲೆ ತಗ್ಗಿಸಿ, ಹೊಲಿಗೆ ಯಂತ್ರದ ಸೂಜಿಯಂತೆ ಟಕಟಕ ಕುಕ್ಕುತ್ತಾ ನೊಣಗಳ ಮರಿಹುಳು, ಸಣ್ಣ ಜೀರುಂಡೆ, ಚಿಕ್ಕ ಸಿಗಡಿಯಂಥ ಜೀವಿಗಳನ್ನು ಎತ್ತುತ್ತದೆ. ನೀರು ಇಳಿದಂತೆಲ್ಲ ಹೊಸ ಪಟ್ಟಿ ತೆರೆಯುತ್ತದೆ, ಹಕ್ಕಿ ಅದರ ಹಿಂದೆಯೇ ಹೋಗುತ್ತದೆ. ಏಪ್ರಿಲ್-ಮೇನಲ್ಲಿ ಮರಳಿ ಹೊರಡುವ ಹೊತ್ತಿಗೆ ಬೂದು ಮೈ ಕೆಂಗಂದಾಗಿ, ಚರ್ಮದಡಿ ಕೊಬ್ಬು ಕೂಡಿರಬೇಕು. ಸಾವಿರಾರು ಕಿಲೋಮೀಟರ್ ಹಾರಲು ಅದೇ ಇಂಧನ. ನಾಯಿಗಳು ಬೆನ್ನಟ್ಟಿ, ಡ್ರೋನ್‌ಗಳು ಬೆದರಿಸಿ ಮತ್ತೆಮತ್ತೆ ಎಬ್ಬಿಸಿದರೆ ಉರಿದುಹೋಗುವುದೂ ಅದೇ ಕೊಬ್ಬು.

ಹೂಳು ತೆಗೆಯುವ ಹೆಸರಿನಲ್ಲಿ ಸುತ್ತಲೂ ಕಡಿದಾಗಿ ಅಗೆದು, ದಡಕ್ಕೆ ಕಲ್ಲು ಕಟ್ಟಿ, ನಡಿಗೆಪಥ ಹಾಕಿದ ಕೆರೆ ನಮ್ಮ ಕಣ್ಣಿಗೆ ಚೆಂದ. ಅಂಥಲ್ಲಿ ಸ್ಟಿಂಟ್ ಕಾಲೂರಲು ಜಾಗವೇ ಇರುವುದಿಲ್ಲ. 2024ರ ಜನವರಿಯಲ್ಲಿ ಕರ್ನಾಟಕದ ಅಘನಾಶಿನಿ ಅಳಿವೆ, ಮಾಗಡಿ ಕೆರೆ, ಅಂಕಸಮುದ್ರ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದವು, ಸಂತೋಷ. ಆದರೆ ಇಂಥ ಪುಟ್ಟ ಹಕ್ಕಿಗಳು ಪಟ್ಟಿಯಲ್ಲಿಲ್ಲದ ಊರ ಕೆರೆಗಳನ್ನೂ ನೆಚ್ಚಿಕೊಂಡಿವೆ. ನಿಮ್ಮೂರ ಕೆರೆಯ ಹೂಳೆತ್ತುವ ಮಾತು ಬಂದಾಗ ಸಭೆಯಲ್ಲಿ ಎದ್ದುನಿಂತು ಒಂದು ಮಾತು ಕೇಳಿ: ಏರಿಯ ಎದುರಿನ ದಡವನ್ನಾದರೂ ಇಳಿಜಾರಾಗಿ, ಕೆಸರಾಗಿ ಹಾಗೇ ಬಿಡಲಾಗದೇ?