ಮಿದುಳಿಗೇ ನೇರವಾಗಿ ಮದ್ದು

ಮಿದುಳಿನ ಕಾಯಿಲೆಗಳಿಗೆ ಮದ್ದು ಹುಡುಕುವುದು ಎಷ್ಟು ಕಷ್ಟವೋ ಅದನ್ನು ಒಳಗೆ ಮುಟ್ಟಿಸುವುದೂ ಅಷ್ಟೇ ಕಷ್ಟ. ಮಿದುಳಿನ ಸೂಕ್ಷ್ಮ ರಕ್ತನಾಳಗಳ ಗೋಡೆಯಲ್ಲಿ ಜೀವಕೋಶಗಳು ಸಂದಿಲ್ಲದಂತೆ ಬೆಸೆದುಕೊಂಡಿರುತ್ತವೆ. ರಕ್ತದಲ್ಲಿ ಹರಿದು ಬಂದ ಬಹುಪಾಲು ಔಷಧಗಳು, ಅದರಲ್ಲೂ ಪ್ರೋಟೀನಿನಂಥ ದೊಡ್ಡ ಅಣುಗಳು, ಈ ಗೋಡೆಯನ್ನು ದಾಟಲಾರವು.

ಹಾಗಾಗಿ ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು ನಳಿಕೆ ಇಳಿಸುವ ಉಪಾಯ ಹುಟ್ಟಿತು. ಆದರೆ ತಾನಾಗಿ ಹರಡಲು ಬಿಟ್ಟ ಮದ್ದು ನಳಿಕೆಯ ತುದಿಯಿಂದ ಕೆಲವೇ ಮಿಲಿಮೀಟರ್ ಸಾಗುತ್ತದೆ. ಪಂಪಿನಿಂದ ಸಣ್ಣಗೆ, ಎಡೆಬಿಡದೆ ಒತ್ತಡ ಕೊಟ್ಟರೆ ಜೀವಕೋಶಗಳ ನಡುವೆ ದ್ರವ ಬಹುದೂರ ಹಬ್ಬುತ್ತದೆ ಎಂದು ಅಮೆರಿಕದ ಸಂಶೋಧಕರು 1994ರಲ್ಲಿ ತೋರಿಸಿಕೊಟ್ಟರು. ಇಲ್ಲೂ ಒಂದು ತೊಡಕಿದೆ: ಆತುರಪಟ್ಟು ಒತ್ತಿದರೆ, ಅಥವಾ ನಳಿಕೆ ಇಳಿಸುವಾಗ ಅಂಗಾಂಶ ಹರಿದರೆ, ಗದ್ದೆಯ ಬದುವಿನಲ್ಲಿ ಏಡಿ ತೋಡಿದ ಬಿಲದಿಂದ ನೀರು ಸೋರುವಂತೆ ಮದ್ದು ನಳಿಕೆಯ ಗುಂಟ ಹಿಂದಕ್ಕೆ ಹರಿದುಬಿಡುತ್ತದೆ.

ರೋಬೋಟ್ ಬೇಕಾಗುವುದು ಇಲ್ಲಿ. ಹೆಸರು ಕೇಳಿ ಯಂತ್ರವೇ ಶಸ್ತ್ರಚಿಕಿತ್ಸೆ ಮಾಡುತ್ತದೆ ಎಂದುಕೊಳ್ಳಬೇಕಿಲ್ಲ. ಎಂಆರ್‌ಐ ಚಿತ್ರಗಳನ್ನು ನೋಡಿ, ರಕ್ತನಾಳಗಳನ್ನು ತಪ್ಪಿಸಿ ದಾರಿ ಗುರುತಿಸುವವರು ವೈದ್ಯರೇ. ಅಲುಗಾಡದಂತೆ ಬಿಗಿದ ತಲೆಯ ಬಳಿಗೆ ಯಂತ್ರದ ತೋಳು ಸರಿದು, ಗೊತ್ತುಮಾಡಿದ ಕೋನದಲ್ಲಿ ನಿಲ್ಲುತ್ತದೆ. ಆ ತೋಳಿನ ಆಸರೆಯಲ್ಲಿ ವೈದ್ಯರು ಉಪಕರಣ ಇಳಿಸುತ್ತಾರೆ. ಕೈಗೆ ದಣಿವು, ನಡುಕ ಉಂಟು, ತೋಳಿಗೆ ಅದಿಲ್ಲ. 1985ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಕಾರ್ಖಾನೆಯ ಕೆಲಸಕ್ಕೆಂದು ತಯಾರಾದ ಪ್ಯೂಮಾ ರೋಬೋಟನ್ನು ಮಿದುಳಿನ ಬಯಾಪ್ಸಿಗೆ ಬಳಸಿದ್ದರು.

ಈ ವಿಧಾನದ ಅತಿ ಹೆಸರಾದ ಪರೀಕ್ಷೆ ನಡೆದದ್ದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಪಾರ್ಕಿನ್ಸನ್ ರೋಗದಲ್ಲಿ ಡೋಪಮೈನ್ ತಯಾರಿಸುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಅವುಗಳಿಗೆ ಚೇತನ ಕೊಡಬಹುದಾದ ಜಿಡಿಎನ್‌ಎಫ್ ಎಂಬ ಪ್ರೋಟೀನನ್ನು ನರಶಸ್ತ್ರಚಿಕಿತ್ಸಕ ಸ್ಟೀವನ್ ಗಿಲ್ ಅವರ ತಂಡ ಮೊದಲು ಐವರು ರೋಗಿಗಳಿಗೆ ಕೊಟ್ಟು, 2003ರಲ್ಲಿ ಆಶಾದಾಯಕ ಫಲಿತಾಂಶ ಪ್ರಕಟಿಸಿತು. ಆಮೇಲಿನ ದೊಡ್ಡ ಪರೀಕ್ಷೆಯಲ್ಲಿ ರೋಬೋಟ್ ನೆರವಿನಿಂದ ಪ್ರತಿ ರೋಗಿಯ ಮಿದುಳಿಗೂ, ಅದರ ಪುಟಾಮೆನ್ ಎಂಬ ಭಾಗಕ್ಕೆ, ನಾಲ್ಕು ನಳಿಕೆಗಳನ್ನು ಇಳಿಸಲಾಯಿತು. ಅವುಗಳ ಹೊರತುದಿಗಳು ಕಿವಿಯ ಹಿಂದೆ ಮೂಳೆಗೆ ಕೂರಿಸಿದ ಪುಟ್ಟ ಟೈಟಾನಿಯಂ ದ್ವಾರದಲ್ಲಿ ಸೇರಿದ್ದವು. ನಾಲ್ಕು ವಾರಕ್ಕೊಮ್ಮೆ ಬಂದು ಪಂಪು ಜೋಡಿಸಿಕೊಂಡರೆ ಸಾಕು. ಮತ್ತೆ ಶಸ್ತ್ರಚಿಕಿತ್ಸೆ ಬೇಡ.

2019ರಲ್ಲಿ ಹೊರಬಂದ ಫಲಿತಾಂಶ ಮಿಶ್ರವಾಗಿತ್ತು. ಮುಖ್ಯ ಹಂತದ 35 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮದ್ದು, ಉಳಿದವರಿಗೆ ಮದ್ದಿಲ್ಲದ ದ್ರವ ಹೋಗಿತ್ತು. ಒಂಬತ್ತು ತಿಂಗಳ ಬಳಿಕ ಮದ್ದು ಪಡೆದವರ ಮಿದುಳಿನ ಪೆಟ್ ಸ್ಕ್ಯಾನಿನಲ್ಲಿ ಸ್ಪಷ್ಟ ಸುಧಾರಣೆ ಕಂಡಿತು. ಆದರೆ ನಡಿಗೆ, ಚಲನೆಗಳ ಅಳತೆಯಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಅಂದರೆ ಮುಟ್ಟಿಸುವ ಸಮಸ್ಯೆ ಬಹುಮಟ್ಟಿಗೆ ಬಗೆಹರಿದಿತ್ತು. ಮದ್ದಿನ ಗುಣ ಸಾಬೀತಾಗಿರಲಿಲ್ಲ. ಸುದ್ದಿಯ ಭರಾಟೆಯಲ್ಲಿ ಇವೆರಡನ್ನೂ ಬೆರೆಸುವವರೇ ಹೆಚ್ಚು.

ಮಿದುಳಿಗೆ ನೇರವಾಗಿ ಕೊಡುವ ಚಿಕಿತ್ಸೆಗೆ ಮನ್ನಣೆ ಸಿಕ್ಕಿದ್ದು ಬೇರೊಂದು ಕಾಯಿಲೆಯಲ್ಲಿ. ಎಎಡಿಸಿ ಎಂಬ ಕಿಣ್ವದ ಕೊರತೆಯಿಂದ ಕತ್ತು ನಿಲ್ಲಿಸಲೂ ಆಗದ ಮಕ್ಕಳ ಮಿದುಳಿಗೆ, ಅದೇ ಪುಟಾಮೆನ್ ಭಾಗಕ್ಕೆ, ಸರಿಯಾದ ಜೀನನ್ನು ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಸೇರಿಸಲಾಗುತ್ತದೆ. ಈ ಚಿಕಿತ್ಸೆಗೆ ಯುರೋಪ್ 2022ರಲ್ಲಿ, ಅಮೆರಿಕ 2024ರಲ್ಲಿ ಅನುಮತಿ ನೀಡಿವೆ.