ಮೂತ್ರಪಿಂಡದ ನಾಳವೂ ರಕ್ತದೊತ್ತಡವೂ

ಕೃಷ್ಣೆಯ ನೀರು ಇಂದು ಕಾಲುವೆಗಳ ಮೂಲಕ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳ ಹೊಲಗಳನ್ನು ಮುಟ್ಟುತ್ತಿದೆ. ನಡುದಾರಿಯಲ್ಲಿ ಹೂಳು ತುಂಬಿದರೆ, ಜಲಾಶಯವು ತುಂಬಿದ್ದರೂ ಕಾಲುವೆಯ ಕೊನೆಯಂಚಿನ ರೈತನು ನೀರು ಸಾಲದೆಂದು ಮೊರೆಯಿಡುತ್ತಾನೆ. ಮಾನವದೇಹದಲ್ಲಿ ಮೂತ್ರಪಿಂಡದ ಸ್ಥಿತಿಯೂ ಒಮ್ಮೊಮ್ಮೆ ಇಂತಹುದೇ ಆಗುವುದುಂಟು.

ಮೂತ್ರಪಿಂಡಕ್ಕೆ ರಕ್ತವನ್ನೊಯ್ಯುವ ನಾಳವು ಕಿರಿದಾದಾಗ, ದೇಹದಲ್ಲಿಯೇ ರಕ್ತವು ಕಡಿಮೆಯಾಯಿತೆಂಬಂತೆ ಅದು ರೆನಿನ್ ಎಂಬ ದ್ರವ್ಯವನ್ನು ಸ್ರವಿಸುತ್ತದೆ. ಅದರ ಪರಿಣಾಮವಾಗಿ ರಕ್ತನಾಳಗಳು ಬಿಗಿಯುತ್ತವೆ, ಉಪ್ಪೂ ನೀರೂ ದೇಹದಲ್ಲಿ ನಿಲ್ಲುತ್ತವೆ, ರಕ್ತದೊತ್ತಡವು ಏರುತ್ತದೆ. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ಎಂಬ ವಿಜ್ಞಾನಿಯು ನಾಯಿಗಳಲ್ಲಿ ಈ ನಾಳವನ್ನು ಬಿಗಿದು, ಒತ್ತಡವೇರುವುದನ್ನು ತೋರಿಸಿಕೊಟ್ಟನು. ವೃದ್ಧರಲ್ಲಿ ನಾಳದೊಳಗೆ ಕಟ್ಟುವ ಕೊಬ್ಬು ಇದಕ್ಕೆ ಮುಖ್ಯ ಕಾರಣ. ನಮ್ಮ ದೇಶದ ತರುಣರಲ್ಲಿ, ವಿಶೇಷವಾಗಿ ತರುಣಿಯರಲ್ಲಿ, ಟಾಕಾಯಾಸು ಎಂಬ ನಾಳದ ಉರಿಯೂತವೂ ಕಾರಣವಾಗುತ್ತದೆ.

ರಕ್ತದೊತ್ತಡವುಳ್ಳವರೆಲ್ಲರಿಗೂ ಈ ಶೋಧನೆ ಬೇಕಿಲ್ಲ. ಮೂವತ್ತು ವರ್ಷದೊಳಗೇ ಒತ್ತಡವು ತೀವ್ರವಾಗಿ ಏರಿದರೆ, ಮೂರು ಬಗೆಯ ಔಷಧಗಳಿಗೂ ಬಗ್ಗದಿದ್ದರೆ, ಒಂದು ಮೂತ್ರಪಿಂಡವು ಇನ್ನೊಂದಕ್ಕಿಂತ ಕುಗ್ಗಿದ್ದರೆ ವೈದ್ಯರು ಸಂಶಯಪಡುತ್ತಾರೆ.

ಮೊದಲನೆಯದು ಡಾಪ್ಲರ್ ಪರೀಕ್ಷೆ. ಇದು ಶಬ್ದತರಂಗಗಳಿಂದ ರಕ್ತದ ವೇಗವನ್ನು ಅಳೆಯುತ್ತದೆ. ನಾಳವು ಕಿರಿದಾದೆಡೆ ವೇಗವು ಹೆಚ್ಚು. ಇದಕ್ಕೆ ಕ್ಷ-ಕಿರಣವಾಗಲಿ ಔಷಧದ್ರವವಾಗಲಿ ಬೇಡ. ಆದರೆ ಸ್ಥೂಲದೇಹ ಹಾಗೂ ಕರುಳಿನ ವಾಯು ಅಡ್ಡಿಯಾಗುತ್ತವೆ. ಎರಡನೆಯದಾದ ಸಿ.ಟಿ. ಚಿತ್ರವು ನಾಳಕ್ಕೆ ದ್ರವವನ್ನು ಹಾಯಿಸಿ ತೆಗೆಯುವಂತಹುದು. ಚಿತ್ರ ಸ್ಪಷ್ಟವಾದರೂ, ದುರ್ಬಲವಾದ ಮೂತ್ರಪಿಂಡಕ್ಕೆ ಆ ದ್ರವದಿಂದ ಹಾನಿಯಾಗಬಹುದು. ಎಂ.ಆರ್.ಐ.ಗೆ ಕ್ಷ-ಕಿರಣವಿಲ್ಲ, ಆದರೆ ಅಲ್ಲಿ ಬಳಸುವ ಗ್ಯಾಡೊಲಿನಿಯಂ ದ್ರವವೂ ಮೂತ್ರಪಿಂಡ ತೀರ ಕೆಟ್ಟವರಿಗೆ ಎಚ್ಚರದಿಂದ ಕೊಡತಕ್ಕುದು. ತೊಡೆಯ ಸಂದಿಯ ನಾಳದಿಂದ ಸಣ್ಣ ನಳಿಕೆಯನ್ನು ಒಯ್ದು ಮಾಡುವ ಆಂಜಿಯೋಗ್ರಾಂ ಅತ್ಯಂತ ನಿಶ್ಚಿತವಾದುದು. ಅಗತ್ಯವೆನಿಸಿದರೆ ಅದೇ ವೇಳೆ ಬಲೂನಿನಿಂದ ನಾಳವನ್ನು ಹಿಗ್ಗಿಸಲೂಬಹುದು. ಆದುದರಿಂದ ಅದು ಕೊನೆಯ ಮೆಟ್ಟಿಲು.

ಆದರೆ ಚಿತ್ರದಲ್ಲಿ ಸಂಕೋಚ ಕಂಡಿತೆಂದ ಮಾತ್ರಕ್ಕೆ ನಾಳವನ್ನು ಹಿಗ್ಗಿಸಬೇಕೆಂದಿಲ್ಲ. ಕೊಬ್ಬಿನಿಂದಾದ ಸಂಕೋಚದಲ್ಲಿ ಔಷಧವೊಂದೇ ಬಹುಮಂದಿಗೆ ಸಾಕೆಂದು 2014ರಲ್ಲಿ ಪ್ರಕಟವಾದ ಕೋರಲ್ ಅಧ್ಯಯನವು ತಿಳಿಸಿತು. ಆದುದರಿಂದ ಚಿತ್ರವನ್ನೂ ರೋಗಿಯನ್ನೂ ಒಟ್ಟಿಗೆ ನೋಡಬಲ್ಲ ವೈದ್ಯನೇ ಮುಖ್ಯ.

ವಚನಪಿತಾಮಹ ಫ.ಗು. ಹಳಕಟ್ಟಿಯವರು 1910ರಲ್ಲಿ ನೆಟ್ಟ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯವು 1986ರಿಂದ ವಿಜಯಪುರದಲ್ಲಿಯೇ ನಡೆಯುತ್ತಿರುವುದರಿಂದ, ಈ ತಾಲ್ಲೂಕುಗಳ ಜನರಿಗೆ ತಜ್ಞರ ಸಲಹೆಯು ಜಿಲ್ಲೆಯಲ್ಲಿಯೇ ಲಭ್ಯ. ಆದರೆ ಈ ದಾರಿಯು ಆರಂಭವಾಗುವುದು ಹಳ್ಳಿಯ ಆರೋಗ್ಯಕೇಂದ್ರದಲ್ಲಿ, ತೋಳಿಗೆ ಪಟ್ಟಿಕಟ್ಟಿ ಒತ್ತಡವನ್ನು ಅಳೆಯುವುದರಿಂದ. ತಲೆನೋವೆಂದು ಮಾತ್ರೆ ನುಂಗಿ ಸುಮ್ಮನಾಗುವ ತರುಣನು ಅದೊಂದನ್ನು ಮಾಡಿಸಿಕೊಂಡರೆ, ಮುಂದೆ ಒಂದು ಮೂತ್ರಪಿಂಡವೇ ಉಳಿದೀತು.