ಆಟದ ಬಯಲಿನ ಆತಂಕ: ಸ್ವಲೀನ ಮಕ್ಕಳು ಮತ್ತು ಔಷಧದ ಪ್ರಶ್ನೆ

ಶಾಲೆಯ ವಾರ್ಷಿಕ ಕ್ರೀಡಾಕೂಟ. ನೂರು ಮೀಟರ್ ಓಟದ ಗೆರೆಯ ಮೇಲೆ ಎಂಟು ಮಕ್ಕಳು ನಿಂತಿದ್ದಾರೆ. ಅವರಲ್ಲೊಬ್ಬ ಹುಡುಗ ದಿನವೂ ಸಂಜೆ ಇದೇ ಬಯಲಿನಲ್ಲಿ ಎಲ್ಲರಿಗಿಂತ ಮುಂದೆ ಓಡುವವನು. ಇಂದು ಧ್ವನಿವರ್ಧಕ ಕೂಗುತ್ತಿದೆ, ಶಾಮಿಯಾನದ ಕೆಳಗೆ ಪೋಷಕರು ತುಂಬಿದ್ದಾರೆ, ಗೆರೆಗಳಿಗೆ ಹೊಸದಾಗಿ ಸುಣ್ಣ ಬಿದ್ದಿದೆ. ಸೀಟಿ ಊದುವ ಮೊದಲೇ ಆತ ಕಿವಿ ಮುಚ್ಚಿಕೊಂಡು ಕುಳಿತುಬಿಡುತ್ತಾನೆ. ಎಬ್ಬಿಸಲು ಬಂದವರ ಕೈ ಕಚ್ಚುತ್ತಾನೆ. ದೈಹಿಕ ಶಿಕ್ಷಕರು ಇದನ್ನು ಹಟವೆನ್ನುತ್ತಾರೆ, ನೆರೆಯವರು ಅತಿ ಮುದ್ದಿನ ಫಲವೆನ್ನುತ್ತಾರೆ. ಕೆಲವು ದಿನಗಳ ಬಳಿಕ ತಾಯಿ ವೈದ್ಯರ ಮುಂದೆ ಕುಳಿತು ಕೇಳುವುದು ಒಂದೇ ಪ್ರಶ್ನೆ: “ಓಡೋದು ಅಂದ್ರೆ ಇವನಿಗೆ ಪ್ರಾಣ. ಆ ದಿನದ ಮಟ್ಟಿಗಾದರೂ ಭಯ ಕಡಿಮೆ ಆಗೋ ಹಾಗೆ ಒಂದು ಮಾತ್ರೆ ಇಲ್ಲವೇ, ಡಾಕ್ಟ್ರೇ?”

ಶಾಲಾ ಕ್ರೀಡಾಕೂಟಗಳನ್ನು ಬಲ್ಲವರಿಗೆ ಈ ದೃಶ್ಯ ಹೊಸದಲ್ಲ. ಆ ತಾಯಿಯ ಪ್ರಶ್ನೆ ಸರಳವಾಗಿ ಕಂಡರೂ ಅದಕ್ಕೆ ‘ಇದೆ’ ಅಥವಾ ‘ಇಲ್ಲ’ ಎಂಬ ಒಂದು ಮಾತಿನ ಉತ್ತರ ಸಾಲದು. ಏಕೆ ಸಾಲದೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸ್ವಲೀನತೆಯನ್ನು ಒಂದು ಪ್ರತ್ಯೇಕ ಸ್ಥಿತಿಯೆಂದು 1943ರಲ್ಲಿ ವಿವರಿಸಿದವರು ಅಮೆರಿಕದಲ್ಲಿ ಮಕ್ಕಳ ಮನೋವೈದ್ಯರಾಗಿದ್ದ ಲಿಯೋ ಕ್ಯಾನರ್. ಹನ್ನೊಂದು ಮಕ್ಕಳನ್ನು ಕುರಿತ ಆ ಪ್ರಬಂಧದಲ್ಲಿಯೇ, ಎಲ್ಲವೂ ಇದ್ದಂತೆಯೇ ಇರಬೇಕೆಂಬ ಆ ಮಕ್ಕಳ ಹಂಬಲದ ಹಿಂದೆ ಆತಂಕವಿರುವುದನ್ನು ಅವರು ಗುರುತಿಸಿದ್ದರು. ನಂತರದ ಅಧ್ಯಯನಗಳು ಇದನ್ನು ಅಂಕಿಗಳಲ್ಲಿ ತೋರಿಸಿವೆ. 2011ರಲ್ಲಿ ಪ್ರಕಟವಾದ, 31 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ ಸ್ವಲೀನ ಮಕ್ಕಳಲ್ಲಿ ಸುಮಾರು ಶೇ. 40ರಷ್ಟು ಮಂದಿಗೆ ಯಾವುದಾದರೊಂದು ಆತಂಕದ ಕಾಯಿಲೆಯೂ ಇರುತ್ತದೆ. ಸ್ವಲೀನತೆ ಬೇರೆ, ಆತಂಕ ಬೇರೆ. ಮೊದಲನೆಯದು ಮಗುವಿನ ಮನಸ್ಸಿನ ಜಾಯಮಾನ, ಎರಡನೆಯದು ಆ ಮಗುವನ್ನು ಪೀಡಿಸುವ ತೊಂದರೆ. ಔಷಧದ ಮಾತು ಬರುವುದು ಎರಡನೆಯದಕ್ಕೆ ಮಾತ್ರ. ಸ್ವಲೀನತೆಯನ್ನು ಗುಣಪಡಿಸುವ ಔಷಧವಿಲ್ಲ.

ಆಟದ ಬಯಲು ಈ ಮಕ್ಕಳಿಗೆ ಏಕೆ ವಿಶೇಷವಾಗಿ ಕಠಿಣ? ಹಠಾತ್ ಶಬ್ದ, ಜನಸಂದಣಿ, ಹೊಸ ಸಮವಸ್ತ್ರದ ಬಟ್ಟೆ ಮೈಗೆ ಒರಸುವ ಹಿಂಸೆ, ಕೊನೆಯ ಗಳಿಗೆಯಲ್ಲಿ ಬದಲಾಗುವ ಓಟದ ಸರದಿ, ತೀರ್ಪುಗಾರರು ನಿಯಮವನ್ನು ಸಡಿಲಿಸಿದಾಗ ಆಗುವ ಗೊಂದಲ ಇವೆಲ್ಲವೂ ಕಾರಣಗಳೇ. ಆದರೆ ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಕಾರಣವಿದೆ. ಭಯವಾದಾಗ ಅಡ್ರಿನಲಿನ್ ಸ್ರವಿಸಿ ಎದೆ ಹೊಡೆದುಕೊಳ್ಳುತ್ತದೆ, ಉಸಿರು ವೇಗಗೊಳ್ಳುತ್ತದೆ, ಅಂಗೈ ಬೆವರುತ್ತದೆ. ಓಡಿದಾಗಲೂ ಆಗುವುದು ಇದೇ. ನಾವು ‘ಇದು ಓಟದ ಏದುಸಿರು, ಇದು ಹೆದರಿಕೆಯ ಏದುಸಿರು’ ಎಂದು ಯೋಚಿಸದೆಯೇ ಬೇರ್ಪಡಿಸಿಕೊಳ್ಳುತ್ತೇವೆ. ದೇಹದೊಳಗಿನ ಸಂಜ್ಞೆಗಳನ್ನು ಓದಿ ಅವಕ್ಕೆ ಹೆಸರಿಡುವುದು ಅನೇಕ ಸ್ವಲೀನ ಮಕ್ಕಳಿಗೆ ಸುಲಭವಲ್ಲ. ಅಂಥ ಮಗುವಿಗೆ ದಣಿವೇ ದಿಗಿಲಾಗಿ ತೋರಬಹುದು. ಓಡಿದಷ್ಟೂ ಭಯ ಏರಬಹುದು.

ಆದ್ದರಿಂದ ಮೊದಲ ಕೆಲಸ ಔಷಧದ ಚೀಟಿ ಬರೆಯುವುದಲ್ಲ, ಭಯ ಯಾವುದರದೆಂದು ವಿಂಗಡಿಸುವುದು. ಸೀಟಿಯ ಶಬ್ದಕ್ಕೆ ಹೆದರುವ ಮಗುವಿಗೆ ಬಾವುಟ ಬೀಸಿ ಓಟ ಆರಂಭಿಸಿದರೆ ಸಮಸ್ಯೆಯ ಬಹುಪಾಲು ಅಲ್ಲಿಗೇ ಮುಗಿಯಬಹುದು. ಅಪರಿಚಿತ ಮೈದಾನಕ್ಕೆ ಹೆದರುವವನನ್ನು ಹೋಬಳಿ ಮಟ್ಟದ ಕೂಟಕ್ಕೆ ಮುನ್ನಾದಿನ ಕರೆದೊಯ್ದು ಖಾಲಿ ಬಯಲನ್ನು ತೋರಿಸಬಹುದು. ಸೋಲಿಗೆ, ಅಪಹಾಸ್ಯಕ್ಕೆ ಹೆದರುವವನ ಕಥೆ ಬೇರೆ. ಅಲ್ಲಿ ಆಲೋಚನೆಯನ್ನೂ ನಡೆವಳಿಕೆಯನ್ನೂ ತಿದ್ದುವ ಮನಶ್ಚಿಕಿತ್ಸೆ ಬೇಕು. 7ರಿಂದ 13 ವರ್ಷದ 167 ಸ್ವಲೀನ ಮಕ್ಕಳನ್ನೊಳಗೊಂಡು ಅಮೆರಿಕದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸ್ವಲೀನತೆಗೆ ಹೊಂದುವಂತೆ ಮಾರ್ಪಡಿಸಿದ ಇಂಥ ಚಿಕಿತ್ಸೆಯು ಸಾಮಾನ್ಯ ರೂಪದ ಚಿಕಿತ್ಸೆಗಿಂತ ಹೆಚ್ಚು ಫಲ ನೀಡಿತು. ನಮ್ಮಲ್ಲಿನ ಕೊರತೆ ಇಂಥ ಚಿಕಿತ್ಸಕರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ ನಿಜ. ದೂರದ ತಾಲ್ಲೂಕಿನ ಕುಟುಂಬ ವಾರವಾರವೂ ಅಲ್ಲಿಗೆ ಬರಲಾರದು. ಮಾತ್ರೆಯಾದರೋ ಹತ್ತಿರದ ಅಂಗಡಿಯಲ್ಲಿದೆ. ಔಷಧವನ್ನು ಬೇಗನೆ ಆರಿಸಿಕೊಳ್ಳುವುದರ ಹಿಂದೆ ಹಲವು ಬಾರಿ ವಿಜ್ಞಾನಕ್ಕಿಂತ ಬಸ್ ಪ್ರಯಾಣದ ಲೆಕ್ಕಾಚಾರವೇ ಇರುತ್ತದೆ, ಮತ್ತು ಅದಕ್ಕಾಗಿ ತಂದೆತಾಯಿಯರನ್ನು ದೂರುವುದು ನ್ಯಾಯವಲ್ಲ.

ಇನ್ನು ಔಷಧಗಳ ವಿಚಾರ. ಸ್ವಲೀನತೆಯೊಂದಿಗೆ ಕಾಣುವ ತೀವ್ರ ಸಿಡುಕಿಗಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2006ರಲ್ಲಿ ರಿಸ್ಪೆರಿಡೋನ್, 2009ರಲ್ಲಿ ಅರಿಪಿಪ್ರಜೋಲ್ ಔಷಧಗಳಿಗೆ ಒಪ್ಪಿಗೆ ನೀಡಿತು. ಅವು ಆತಂಕದ ಔಷಧಗಳಲ್ಲ. ರಿಸ್ಪೆರಿಡೋನ್‌ನಿಂದ ತೂಕ ಏರುವುದು ಸಾಮಾನ್ಯ. ದೇಹ ತನ್ನ ಶಾಖವನ್ನು ಹದಗೊಳಿಸಿಕೊಳ್ಳುವ ಶಕ್ತಿಯೂ ಕುಗ್ಗಬಹುದಾದ್ದರಿಂದ ಬಿಸಿಲಿನಲ್ಲಿ ಆಡುವ ಮಗುವಿನ ವಿಷಯದಲ್ಲಿ ಎಚ್ಚರ ಬೇಕು.

ಆತಂಕಕ್ಕೆ ಹೆಚ್ಚಾಗಿ ಬಳಸುವುದು ಸೆರ್ಟ್ರಲಿನ್, ಫ್ಲುವಾಕ್ಸೆಟಿನ್ ಮುಂತಾದ, ಮಿದುಳಿನ ಸೆರೊಟೋನಿನ್ ಮೇಲೆ ಕೆಲಸ ಮಾಡುವ ಔಷಧಗಳನ್ನು. ಇವು ಕ್ರೀಡಾಕೂಟದ ಬೆಳಿಗ್ಗೆ ನುಂಗುವ ಮಾತ್ರೆಗಳಲ್ಲ. ದಿನವೂ ತೆಗೆದುಕೊಂಡು ಹಲವು ವಾರ ಕಾಯಬೇಕು. ಇವುಗಳ ಪರವಾಗಿ ಸದಾ ಉಲ್ಲೇಖಗೊಳ್ಳುವುದು 2008ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ. ಆತಂಕವುಳ್ಳ 488 ಮಕ್ಕಳಲ್ಲಿ ಸೆರ್ಟ್ರಲಿನ್ ಮಾತ್ರ ಪಡೆದವರಲ್ಲಿ ಸುಮಾರು ಶೇ. 55, ಮನಶ್ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ. 60, ಎರಡನ್ನೂ ಪಡೆದವರಲ್ಲಿ ಶೇ. 81, ಹುಸಿಮಾತ್ರೆ ಪಡೆದವರಲ್ಲಿ ಶೇ. 24 ಮಂದಿ ಸುಧಾರಿಸಿದರು. ಫಲಿತಾಂಶ ಆಶಾದಾಯಕ. ಆದರೆ ಸ್ವಲೀನತೆಯ ವರ್ಗಕ್ಕೆ ಸೇರಿದ ಮಕ್ಕಳನ್ನು ಆ ಪ್ರಯೋಗದಿಂದ ಹೊರಗಿಡಲಾಗಿತ್ತು! ನಮ್ಮ ಹುಡುಗನಂಥವರಿಗೆ ಆ ಅಂಕಿಗಳನ್ನು ಅನ್ವಯಿಸುವುದು ಊಹೆಯೇ ಹೊರತು ಪ್ರಮಾಣವಲ್ಲ. ಸ್ವಲೀನ ಮಕ್ಕಳಲ್ಲೇ ನಡೆದು 2009ರಲ್ಲಿ ಪ್ರಕಟವಾದ ಸಿಟಾಲೋಪ್ರಾಮ್ ಪ್ರಯೋಗದಲ್ಲಿ 149 ಮಕ್ಕಳಿದ್ದರು. ಅಲ್ಲಿ ಅಳೆದದ್ದು ಆತಂಕವನ್ನಲ್ಲ, ಪುನರಾವರ್ತಿತ ವರ್ತನೆಯನ್ನು. ಔಷಧ ಪಡೆದವರಲ್ಲೂ ಹುಸಿಮಾತ್ರೆ ಪಡೆದವರಲ್ಲೂ ಮೂರರಲ್ಲೊಂದು ಭಾಗದಷ್ಟು ಮಕ್ಕಳು ಸುಧಾರಿಸಿದರು. ಚಡಪಡಿಕೆ, ದುಡುಕು, ನಿದ್ರಾಭಂಗಗಳು ಮಾತ್ರ ಔಷಧ ಪಡೆದವರಲ್ಲಿ ಹೆಚ್ಚಾಗಿ ಕಂಡವು. ಹೀಗಾಗಿಯೇ ಅನುಭವಿ ವೈದ್ಯರು ಈ ಮಕ್ಕಳಿಗೆ ಅತಿ ಕಡಿಮೆ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ.

ಇನ್ನೊಂದು ಎಚ್ಚರಿಕೆ 2004ರದು. ಈ ವರ್ಗದ ಔಷಧಗಳನ್ನು ಪಡೆದ ಎಳೆಯರಲ್ಲಿ ಆತ್ಮಹತ್ಯೆಯ ಆಲೋಚನೆ ಅಥವಾ ವರ್ತನೆ ಶೇ. 4ರಷ್ಟು, ಹುಸಿಮಾತ್ರೆ ಪಡೆದವರಲ್ಲಿ ಶೇ. 2ರಷ್ಟು ಕಂಡುಬಂದುದರಿಂದ ಅಮೆರಿಕದಲ್ಲಿ ಔಷಧದ ಪೊಟ್ಟಣದ ಜೊತೆಗಿನ ಮಾಹಿತಿಪತ್ರದಲ್ಲೇ ಎಚ್ಚರಿಕೆ ಮುದ್ರಿಸಬೇಕೆಂದು ಆದೇಶವಾಯಿತು. ಆ ಪ್ರಯೋಗಗಳಲ್ಲಿ ಯಾರೂ ಆತ್ಮಹತ್ಯೆ ಮಾಡಿಕೊಂಡಿರಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಮೊದಲ ವಾರಗಳಲ್ಲಿ ಮಗುವನ್ನು ಹತ್ತಿರದಿಂದ ಗಮನಿಸಬೇಕೆಂಬುದು ಇದರ ಅರ್ಥ. ಮನಸ್ಸಿನೊಳಗಿನದನ್ನು ಮಾತಿನಲ್ಲಿ ಹೇಳಲಾರದ ಮಗುವಿನಲ್ಲಿ ಈ ಗಮನಿಸುವಿಕೆಯೇ ಕಷ್ಟ. ನಿದ್ರೆ, ಊಟ, ತನಗೆ ತಾನೇ ಹೊಡೆದುಕೊಳ್ಳುವುದು, ಇಷ್ಟದ ಆಟಿಕೆಯನ್ನು ತೊರೆಯುವುದು ಇಂಥವುಗಳಿಂದಲೇ ಊಹಿಸಬೇಕಾಗುತ್ತದೆ.

ತಾಯಿ ಕೇಳಿದ ‘ಆ ದಿನದ ಮಾತ್ರೆ’ಗೆ ತೀರ ಹತ್ತಿರವಾದುದು ಪ್ರೊಪ್ರನಲಾಲ್. 1960ರ ದಶಕದಲ್ಲಿ ಹೃದ್ರೋಗಕ್ಕಾಗಿ ಇದನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಅಡ್ರಿನಲಿನ್ ಹೃದಯವನ್ನು ತಟ್ಟುವ ಬಾಗಿಲುಗಳನ್ನೇ ಇದು ಮುಚ್ಚುತ್ತದೆ. ಎದೆಬಡಿತವೂ ಕೈನಡುಕವೂ ಇಳಿಯುತ್ತವೆ. ವೇದಿಕೆಯ ಭಯಕ್ಕೆ ಸಂಗೀತಗಾರರು ಇದನ್ನು ಬಳಸುವುದುಂಟು. ಆದರೆ ಸಂಗೀತಗಾರನಿಗೆ ಬೇಡವಾದ ಎದೆಬಡಿತ ಓಟಗಾರನಿಗೆ ಬೇಕೇ ಬೇಕು. ಭಯವನ್ನೂ ಶ್ರಮವನ್ನೂ ದೇಹ ಒಂದೇ ಹಾದಿಯಲ್ಲಿ ಕಳುಹಿಸುವುದರಿಂದ, ಒಂದನ್ನು ತಡೆದರೆ ಇನ್ನೊಂದೂ ತಡೆಯುತ್ತದೆ; ಮಗು ಬೇಗ ದಣಿಯಬಹುದು. ಆಸ್ತಮಾ ಇರುವವರಿಗೆ ಇದು ಅಪಾಯಕಾರಿ. ಬರಿಹೊಟ್ಟೆಯ ಮಗುವಿನಲ್ಲಿ ರಕ್ತದ ಸಕ್ಕರೆ ಕುಸಿಯಲು ಎಡೆಮಾಡುವುದಲ್ಲದೆ, ಆ ಕುಸಿತದ ಮುನ್ಸೂಚನೆಯಾದ ನಡುಕವನ್ನೂ ಇದು ಮರೆಮಾಡಬಲ್ಲದು. ಆತಂಕಗೊಂಡ ಮಕ್ಕಳು ಪಂದ್ಯದ ಬೆಳಿಗ್ಗೆ ತಿಂಡಿ ಮುಟ್ಟುವುದಿಲ್ಲವೆಂಬುದು ಯಾವ ತಾಯಿಗೆ ತಿಳಿಯದು?

ಗುರಿಯಿಡುವ ಆಟಗಳಲ್ಲಿ ಇದೇ ಗುಣ ಅನುಚಿತ ಲಾಭವಾಗುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಪಿಸ್ತೂಲು ಗುರಿಕಾರ ಕಿಮ್ ಜೋಂಗ್ ಸು ತಾನು ಗೆದ್ದ ಬೆಳ್ಳಿ ಹಾಗೂ ಕಂಚಿನ ಪದಕಗಳನ್ನು ಪ್ರೊಪ್ರನಲಾಲ್ ಪತ್ತೆಯಾದ ಕಾರಣಕ್ಕೆ ಕಳೆದುಕೊಂಡ. ಬಿಲ್ಲುಗಾರಿಕೆ ಮತ್ತು ಶೂಟಿಂಗ್‌ನಲ್ಲಿ ಈ ವರ್ಗದ ಔಷಧಗಳು ನಿಷಿದ್ಧ. ಸ್ವಲೀನತೆಯ ಜೊತೆಗೆ ಚಂಚಲತೆಯೂ ಇರುವ ಮಕ್ಕಳಿಗೆ ಕೊಡುವ ಮಿಥೈಲ್‌ಫೆನಿಡೇಟ್ ಸ್ಪರ್ಧೆಯ ವೇಳೆ ಎಲ್ಲ ಕ್ರೀಡೆಗಳಲ್ಲೂ ನಿಷಿದ್ಧ. ಶಾಲಾ ಮಟ್ಟದಲ್ಲಿ ಇದು ಅಪ್ರಸ್ತುತವೆನಿಸಿದರೂ, ಪ್ರತಿಭಾವಂತ ಮಗು ರಾಷ್ಟ್ರಮಟ್ಟಕ್ಕೇರಿದಾಗ ವೈದ್ಯಕೀಯ ವಿನಾಯಿತಿಯನ್ನು ಮುಂಚಿತವಾಗಿಯೇ ಕೋರಬೇಕಾಗುತ್ತದೆ. ಸೆರ್ಟ್ರಲಿನ್ ಮುಂತಾದವುಗಳಿಗೆ ಈ ನಿರ್ಬಂಧವಿಲ್ಲ.

ಹಾಗಾದರೆ ಔಷಧ ಬೇಡವೇ? ಹಾಗೆನ್ನುವುದು ದುಡುಕಾಗುತ್ತದೆ. ಆತಂಕ ಮೈದಾನದಲ್ಲಷ್ಟೇ ಅಲ್ಲದೆ ಶಾಲೆ, ನಿದ್ರೆ, ಊಟಗಳನ್ನೂ ಆವರಿಸಿದ್ದರೆ, ಬಯಲನ್ನು ಮಗುವಿಗೆ ಹೊಂದಿಸುವ ಪ್ರಯತ್ನಗಳು ಸಾಲದೆ ಹೋದರೆ, ಔಷಧವನ್ನು ನಿರಾಕರಿಸುವುದೂ ಮಗುವಿಗೆ ಮಾಡುವ ಅನ್ಯಾಯವೇ. ಭಯದ ಮಟ್ಟ ತುಸು ಇಳಿದಾಗ ಮನಶ್ಚಿಕಿತ್ಸೆ ಹೇಳಿಕೊಡುವುದನ್ನು ಕಲಿಯಲು ಕೆಲವು ಮಕ್ಕಳಿಗೆ ಸಾಧ್ಯವಾಗುತ್ತದೆ. ಆದರೆ ವರ್ಷಕ್ಕೊಂದು ದಿನದ ಓಟಕ್ಕಾಗಿ, ಅದೂ ಪದಕದ ಆಸೆ ಶಾಲೆಯದೋ ತಂದೆಯದೋ ಆಗಿರುವಾಗ, ದಿನವೂ ಔಷಧ ಕೊಡುವುದು ನನ್ನ ದೃಷ್ಟಿಯಲ್ಲಿ ಸಮರ್ಥನೀಯವಲ್ಲ. ಆಟ ಯಾರಿಗೆ ಬೇಕಾಗಿದೆ ಎಂಬುದನ್ನು ಮೊದಲು ಕೇಳಬೇಕು. ಮಗು ಬಿಡುವಿನಲ್ಲಿ ತಾನಾಗಿಯೇ ಬಯಲಿಗೆ ಓಡುತ್ತದೆಯೇ ಎಂಬುದರಲ್ಲಿ ಅದಕ್ಕೆ ಉತ್ತರವಿರುತ್ತದೆ.

ಮಗುವಿಗೆ ಮಾತ್ರೆಯ ವಿಷಯ ಹೇಳುವಾಗಲೂ ಮಾತಿನ ಮೇಲೆ ಹಿಡಿತವಿರಬೇಕು. ‘ಇದನ್ನು ನುಂಗಿದರೆ ಭಯವೇ ಆಗುವುದಿಲ್ಲ’ ಎಂದರೆ ಸ್ವಲೀನ ಮಗು ಅದನ್ನು ಅಕ್ಷರಶಃ ನಂಬುತ್ತದೆ. ಮೊದಲ ಬಾರಿ ಎದೆ ಹೊಡೆದುಕೊಂಡಾಗ ಮಾತ್ರೆಯೂ ಸುಳ್ಳು, ಕೊಟ್ಟವರೂ ಸುಳ್ಳು ಎಂದಾಗುತ್ತದೆ. ‘ಭಯ ಬರಬಹುದು, ಸ್ವಲ್ಪ ಚಿಕ್ಕದಾಗಿ ಬರುತ್ತದೆ’ ಎನ್ನುವುದು ಸತ್ಯಕ್ಕೆ ಹತ್ತಿರ. ಔಷಧ ಆರಂಭಿಸುವ ಎರಡು ವಾರ ಮೊದಲಿನಿಂದಲೇ ದಿನಚರಿಯೊಂದನ್ನು ಬರೆದಿಡುವುದು ಒಳ್ಳೆಯದು: ಎಷ್ಟು ಹೊತ್ತು ಮಲಗಿದ, ಎಷ್ಟು ಬಾರಿ ಕಿವಿ ಮುಚ್ಚಿದ, ಬಯಲಿನಲ್ಲಿ ಎಷ್ಟು ನಿಮಿಷ ನಿಂತ. ಈ ಹಿಂದಿನ ಲೆಕ್ಕವಿಲ್ಲದಿದ್ದರೆ, ಹುಸಿಮಾತ್ರೆಯಿಂದಲೂ ಮೂವರಲ್ಲೊಬ್ಬರಿಗೆ ಗುಣ ಕಂಡುಬಂದ ಕಥೆ ನಮ್ಮ ಮನೆಯಲ್ಲೇ ಮರುಕಳಿಸುತ್ತದೆ. ಔಷಧವನ್ನು ನಿಲ್ಲಿಸುವುದೂ ವೈದ್ಯರ ಸಲಹೆಯಂತೆ ಹಂತಹಂತವಾಗಿಯೇ ನಡೆಯಬೇಕು. ಅದಕ್ಕೆ ಕ್ರೀಡಾಕೂಟದ ತಿಂಗಳಿಗಿಂತ, ಹೊಸ ತರಗತಿ ಆರಂಭವಾಗುವ ಜೂನ್‌ಗಿಂತ, ದಿನಗಳು ಒಂದೇ ಸಮನೆ ಸಾಗುವ ಬೇಸಿಗೆ ರಜೆಯ ಮೊದಲ ವಾರಗಳು ಸೂಕ್ತ.